ಸಂಜೆ ನಾಲ್ಕರ ಮೋರೆ

ನನ್ನ ಟೈಲರ್ ಅಂಗಡಿ ಕಾರವಾರದಲ್ಲಿ, ಟ್ಯಾಗೋರ್ ಕಡಲತೀರದ ಕಡೆ ಹೋಗುವ ಗಲ್ಲಿಯಲ್ಲಿದೆ. ಬಾಗಿಲು ಪಡುವಣಕ್ಕೆ. ಸಂಜೆ ನಾಲ್ಕಾದರೆ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತದೆ. "ಅಣ್ಣಾ, ಯಾಕೆ ಸಿಟ್ಟು?" ಎಂದು ಬ್ಲೌಸ್ ಒಯ್ಯಲು ಬಂದವರು ಕೇಳುತ್ತಿದ್ದರು. ಆಗ ನನಗೆ ಸಿಟ್ಟೇನೂ ಇರುತ್ತಿರಲಿಲ್ಲ. ಷಟರ್ ಎಳೆದು ಮನೆ ಮುಟ್ಟುವಷ್ಟರಲ್ಲಿ ಮಾತ್ರ ನಿಜಕ್ಕೂ ಬಂದಿರುತ್ತಿತ್ತು. ಸಾರಿಗೆ ಉಪ್ಪು ಕಡಿಮೆ, ಚಪ್ಪಲಿ ಅಡ್ಡ ಬಿದ್ದಿದೆ, ಏನಾದರೂ ಒಂದು.

ಒಂದು ದಿನ ಗಿರಾಕಿಗಳ ನಿಲುವುಗನ್ನಡಿಯನ್ನು ಒರೆಸಿ ಮಶೀನಿನ ಎದುರೇ ಬಿಟ್ಟಿದ್ದೆ. ತಲೆ ಎತ್ತಿದಾಗ ಕಂಡೆ. ಹುಬ್ಬು ಗಂಟು, ಕಣ್ಣು ಕಿರಿದು, ತುಟಿ ನಡುವೆ ನಾಲ್ಕು ಗುಂಡುಸೂಜಿ, ಬೆನ್ನು ಸೀಗಡಿಯ ಹಾಗೆ ಬಾಗಿದೆ. ಈ ಮೋರೆಯ ಹತ್ತಿರ ನಾನಾದರೆ ಅಳತೆ ಕೊಡುತ್ತಿರಲಿಲ್ಲ.

ತಂಗಿಯ ಮಗಳು ಧಾರವಾಡದಲ್ಲಿ ಮನಃಶಾಸ್ತ್ರ ಓದುತ್ತಾಳೆ. ಹೇಳಿದರೆ ನಕ್ಕಳು. "ಮಾಮಾ, ನಿಮ್ಮ ಸೂಜಿಯ ಹಾಗೇ ಒಂದು ಪೆನ್ನಿನ ಪ್ರಯೋಗ ಇದೆ." ಮುಖದ ಭಾವ ಮನಸ್ಸನ್ನೂ ಬದಲಿಸುತ್ತದಾ ಅಂತ ನೋಡಿದ್ದು, 1988ರದ್ದು. ಪೆನ್ನನ್ನು ತುಟಿಯಲ್ಲಿ ಹಿಡಿದವರಿಗಿಂತ ಹಲ್ಲಲ್ಲಿ ಕಚ್ಚಿದವರಿಗೆ ವ್ಯಂಗ್ಯಚಿತ್ರ ಜಾಸ್ತಿ ತಮಾಷೆ ಎನಿಸಿತಂತೆ. ಹಲ್ಲಲ್ಲಿ ಕಚ್ಚಿದರೆ ಬಾಯಿ ನಕ್ಕ ಹಾಗೆ ಅಗಲವಾಗುತ್ತೆ, ಅಲ್ವಾ? ಆದರೆ 2016ರಲ್ಲಿ 17 ಪ್ರಯೋಗಾಲಯಗಳು ಮತ್ತೆ ಮಾಡಿ ನೋಡಿದರೆ ಹಾಗೆ ಆಗಲಿಲ್ಲ. 2022ರಲ್ಲಿ 19 ದೇಶಗಳ ಸುಮಾರು 3,900 ಜನರನ್ನು ನೋಡಿದಾಗ, ಬೇಕೆಂದೇ ನಗುಮುಖ ಮಾಡಿದರೆ ಮನಸ್ಸು ತುಸು ಹಗುರಾಗುವುದು ಕಂಡಿತು. ಪೆನ್ನಿನ ಜಗಳ ಆಗಲೂ ಇತ್ಯರ್ಥವಾಗಲಿಲ್ಲ. ಸರಿ, ಸೂಜಿಯ ಯೋಚನೆ ಬಿಟ್ಟುಬಿಟ್ಟೆ.

ನನಗೆ ನಾಟಿದ್ದು ಇಟಲಿಯ ಕತೆ. ಅಲ್ಲಿ ಕಡಲತೀರದಲ್ಲಿ ಓಡಾಡುವವರನ್ನು ವಿಚಾರಿಸಿ 2013ರಲ್ಲಿ ಪ್ರಕಟಿಸಿದರು. ಕಪ್ಪು ಕನ್ನಡಕವಿಲ್ಲದೆ ಬಿಸಿಲಿಗೆ ಮುಖ ಮಾಡಿ ನಡೆಯುತ್ತಿದ್ದವರಲ್ಲಿ ಸಿಟ್ಟು ಜಾಸ್ತಿ ಇತ್ತಂತೆ. ಬಿಸಿಲಿಗೆ ಹುಬ್ಬು ಗಂಟಾದರೂ ಮನಸ್ಸು ಅದನ್ನು ಸಿಟ್ಟು ಅಂತಲೇ ಎಣಿಸುತ್ತದೆ ಅಂತ ಅವರ ಊಹೆ. ಇದನ್ನು ಹೆಂಡತಿಗೆ ಹೇಳಿದೆ. "ಹೌದು, ಮಳೆಗಾಲದಲ್ಲಿ ನೀವು ಒಳ್ಳೆಯವರೇ" ಅಂದಳು.

ಮರುದಿನವೇ ಮಶೀನನ್ನು ಅಡ್ಡ ತಿರುಗಿಸಿದೆ. ಈಗ ಬೆಳಕು ಎಡಗಡೆಯಿಂದ ಬೀಳುತ್ತದೆ. ಸ್ಟೂಲು ತೆಗೆದು ಬೆನ್ನಿಗೆ ಆನಿಕೆ ಇರುವ ಕುರ್ಚಿ ಹಾಕಿದೆ. ಮೊದಲ ವಾರ ಹೊಲಿಗೆ ಸೊಟ್ಟಗೆ ಹೋಗಿ ಎರಡು ಸೀರೆಯ ಫಾಲ್ ಬಿಚ್ಚಬೇಕಾಯಿತು. ಕಾಜ ಹಾಕುವಾಗ ಬೆನ್ನು ಈಗಲೂ ಬಾಗುತ್ತದೆ. ಆದ್ದರಿಂದ ಒಂದು ಅಂಗಿಯ ಕಾಜ ಮುಗಿದರೆ ಎದ್ದು, ಭುಜ ಹಿಂದಕ್ಕೆ ತಳ್ಳಿ, ಬಾಗಿಲ ತನಕ ಹೋಗಿ ಬರುತ್ತೇನೆ. ಸುಮ್ನೆ ನಗುವುದನ್ನೂ ಮಾಡಿ ನೋಡಿದೆ. "ಏನಾದರೂ ತಪ್ಪು ಹೊಲಿದಿರಾ?" ಎಂದು ಗಿರಾಕಿಯೊಬ್ಬರು ಕೇಳಿದ ಮೇಲೆ ಬಿಟ್ಟೆ.

ಅಪ್ಪ ತೀರಿಕೊಂಡ ತಿಂಗಳಲ್ಲಿ ಎಷ್ಟು ನೆಟ್ಟಗೆ ಕೂತರೂ ಏನೂ ಆಗಲಿಲ್ಲ. ಅಂಥದ್ದಕ್ಕೆ ಇದು ಮದ್ದಲ್ಲ. ದಿನದ ಕಿರಿಕಿರಿ ಮಾತ್ರ ಅರ್ಧ ಇಳಿದಿದೆ, ಚೌತಿಯ ಗಡಿಬಿಡಿಯಲ್ಲೂ.

ಗುಂಡುಸೂಜಿ ಇನ್ನೂ ತುಟಿಯಲ್ಲೇ ಇದೆ. "ಒಂದು ದಿನ ನುಂಗ್ತೀರಿ" ಎಂದು ಹೆಂಡತಿ ಬೈಯುತ್ತಾಳೆ.