ಡಯಾಲಿಸಿಸ್ ಯಾವುದೆಂದು ಗೊತ್ತುಮಾಡುವ ಮುನ್ನ

ಮೂತ್ರಪಿಂಡ ತಜ್ಞನಾದ ನನ್ನ ಬಳಿಗೆ ಬರುವ ಬಹುಪಾಲು ರೋಗಿಗಳು ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆಯೆಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿಯ ಜೊತೆಗೆ, 'ಡಯಾಲಿಸಿಸ್ ಒಮ್ಮೆ ಹಿಡಿದರೆ ಬಿಡುವ ಹಾಗಿಲ್ಲವಂತೆ' ಎಂಬ ಭಯವನ್ನೂ ಹೊತ್ತು ತಂದಿರುತ್ತಾರೆ. ಚಿಕಿತ್ಸೆಯ ಮಾತೆತ್ತುವ ಮೊದಲು ಅವರ ದಿನ ಹೇಗೆ ಸಾಗುತ್ತದೆಂದು ನಾನು ವಿಚಾರಿಸುತ್ತೇನೆ: ಎಷ್ಟು ಹೊತ್ತಿಗೆ ಏಳುತ್ತಾರೆ, ಊರಿಗೆ ಬಸ್ಸು ಎಷ್ಟು ಸಲ ಬರುತ್ತದೆ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಮನೆಯಲ್ಲಿದೆಯೇ, ಆಸ್ಪತ್ರೆಗೆ ಜೊತೆಯಲ್ಲಿ ಬರುವವರು ಯಾರು. ಕ್ರಿಯಾಟಿನಿನ್ ಅಂಕಿ ಹೇಳದ ಎಷ್ಟೋ ಸಂಗತಿಗಳು ಇಲ್ಲಿ ತಿಳಿಯುತ್ತವೆ.

ಆಸ್ಪತ್ರೆಯಲ್ಲಿ ಯಂತ್ರದಿಂದ ರಕ್ತ ಶುದ್ಧಿಮಾಡುವ ಹೀಮೋಡಯಾಲಿಸಿಸ್‌ಗೆ ವಾರಕ್ಕೆ ಸಾಮಾನ್ಯವಾಗಿ 3 ಬಾರಿ, ಪ್ರತಿ ಸಲ ಸುಮಾರು 4 ಗಂಟೆ ಬೇಕು. ಪ್ರಯಾಣವೂ ಆಮೇಲಿನ ಸುಸ್ತೂ ಸೇರಿದರೆ ಆ ದಿನವೇ ಮುಗಿಯಿತು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರಿಗೆ ಈ ಸೇವೆ ಉಚಿತವಾಗಿ ಸಿಗುತ್ತಿದ್ದರೂ, ಜೊತೆಗೆ ಬಂದವರು ಕಳೆದುಕೊಳ್ಳುವ ಕೂಲಿ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಹೊಟ್ಟೆಯೊಳಗಿನ ಪೊರೆಯ ಮೂಲಕ ರಕ್ತ ಶುದ್ಧಿಯಾಗುವ, ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿ ದಿನಕ್ಕೆ ಮೂರು-ನಾಲ್ಕು ಬಾರಿ ಹೊಟ್ಟೆಯೊಳಗಿನ ಸುಮಾರು 2 ಲೀಟರ್ ದ್ರಾವಣವನ್ನು ಬದಲಿಸಬೇಕು. ಊಟದ ಪಥ್ಯ ತುಸು ಸಡಿಲ, ಆದರೆ ಶುಚಿತ್ವ ತಪ್ಪಿದರೆ ಸೋಂಕು ಖಚಿತವೆಂದೇ ತಿಳಿಯಬೇಕು.

ಬೀಡಿ ಕಟ್ಟುವ ಮಹಿಳೆಯೊಬ್ಬರ ಮನೆಯವರು, ಏನಾದರೂ ಆದರೆ ನೋಡಿಕೊಳ್ಳುವವರಿರುತ್ತಾರೆಂದು, ಆಸ್ಪತ್ರೆಯ ಡಯಾಲಿಸಿಸ್ಸೇ ಆಗಲಿ ಎಂದಿದ್ದರು. ಆಕೆ 'ನೀವು ಹೇಳಿದ ಹಾಗೆ' ಎಂದು ಸುಮ್ಮನಾಗಿದ್ದರು. ಹಾಗೆನ್ನುವುದನ್ನು ಒಪ್ಪಿಗೆಯೆಂದು ಬರೆದುಕೊಳ್ಳುವವನು ನಾನಲ್ಲ. ಮಗನನ್ನು ಔಷಧಿ ತರಲು ಕಳಿಸಿ ಮತ್ತೆ ಕೇಳಿದಾಗ, ತನ್ನಿಂದಾಗಿ ಅವನ ಕೂಲಿ ತಪ್ಪಬಾರದೆಂಬುದೇ ಆಕೆಯ ಮೊದಲ ಚಿಂತೆಯೆಂದು ತಿಳಿಯಿತು. ಹೊಗೆಸೊಪ್ಪಿನ ಪುಡಿ ಬೀಳದ ಬೇರೊಂದು ಕೋಣೆಯಲ್ಲಿ ದ್ರಾವಣದ ಚೀಲ ಬದಲಿಸುವ ಏರ್ಪಾಡಾದ ಮೇಲೆ ಆಕೆ ಪೆರಿಟೋನಿಯಲ್ ವಿಧಾನವನ್ನೇ ಆರಿಸಿಕೊಂಡರು. ತುರ್ತು ಪರಿಸ್ಥಿತಿಯಲ್ಲದಿದ್ದರೆ, ತಾನೇ ನಿರ್ಧರಿಸಬಲ್ಲ ವಯಸ್ಕ ರೋಗಿಯ ಪರವಾಗಿ ಮನೆಯವರು ಸಮ್ಮತಿ ಕೊಟ್ಟರೆ ಸಾಲದೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ನಮ್ಮ ಹೊರರೋಗಿ ವಿಭಾಗಗಳ ನೂಕುನುಗ್ಗಲಿನಲ್ಲಿ ಅದು ಎಷ್ಟು ಪಾಲನೆಯಾಗುತ್ತದೆಂಬುದು ಬೇರೆ ಮಾತು.

ಹೃದ್ರೋಗವೂ ಇರುವ ಅತಿ ವೃದ್ಧರಿಗೆ ಡಯಾಲಿಸಿಸ್‌ನಿಂದ ಆಯುಷ್ಯ ಅಷ್ಟೇನೂ ಹೆಚ್ಚದಿರಬಹುದು. ಅದನ್ನು ಮುಚ್ಚಿಡದೆ, ಊತ, ಉಬ್ಬಸ, ತುರಿಕೆಗಳನ್ನು ಔಷಧಿಯಿಂದ ಹತೋಟಿಯಲ್ಲಿಡುವ ದಾರಿಯೂ ಇದೆಯೆಂದು ಹೇಳುತ್ತೇನೆ. ಮನಸ್ಸು ಡೋಲಾಯಮಾನವಾಗಿದ್ದರೆ ಡಯಾಲಿಸಿಸ್ ಕೆಲವು ವಾರ ಮಾಡಿ ನೋಡಿ, ಬೇಡವೆನಿಸಿದರೆ ನಿಲ್ಲಿಸಬಹುದೆಂಬ ಒಪ್ಪಂದಕ್ಕೆ ಬರುತ್ತೇವೆ. ರೋಗಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ಕಡತದ ಮೊದಲ ಪುಟದಲ್ಲಿ ಬರೆದಿಡುತ್ತೇನೆ. ನಡುರಾತ್ರಿ ಉಬ್ಬಸವೆಂದು ಅವರು ಬಂದಾಗ ಪಾಳಿಯಲ್ಲಿರುವ ವೈದ್ಯರಿಗೆ ಅದು ಮೊದಲು ಕಾಣಬೇಕು.