ಮೊದಲು ಚಿತ್ರ, ಆಮೇಲೆ ಮೌನ: ಸಂಡೇ ಸ್ಕೂಲಿನ ನನ್ನ ಅನುಭವ

ಸಂಡೇ ಸ್ಕೂಲಿನಲ್ಲಿ ಮಕ್ಕಳನ್ನು ಸುಮ್ಮನೆ ಕೂರಿಸೋದು ಎಷ್ಟು ಕಷ್ಟ ಅಂತ ಪಾಠ ಮಾಡುವವರಿಗೆಲ್ಲ ಗೊತ್ತು. ನಮ್ಮ ಚರ್ಚಿನ ಸಭೆಯಲ್ಲಿ ಮೂರರಿಂದ ಏಳನೇ ಕ್ಲಾಸಿನ ಮಕ್ಕಳು ಈಗ ಏಳೆಂಟು ನಿಮಿಷ ಪಿಟಕ್ಕೆನ್ನದೆ ಕೂರುತ್ತಾರೆ. ಅದೂ ಯಾರೂ ಗದರದೆ. ಇದು ಆಗೋ ಮಾತಲ್ಲ ಅಂದವರೇ ಈಗ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಎಲ್ಲರ ಹಾಗೆ ಕಥೆ, ಕಣ್ಣು ಮುಚ್ಚಿ ಧ್ಯಾನ, ಕೊನೆಗೆ ಚಿತ್ರ. ನಡೆಯಲಿಲ್ಲ. ಒಬ್ಬ ಕಿಸಕ್ಕೆಂದರೆ ಇಡೀ ಸಾಲು ಕಿಸಕ್ಕೆನ್ನುತ್ತಿತ್ತು. ಮೇಣದ ಬತ್ತಿ ಹಚ್ಚಿದೆ, ಮೆಲ್ಲಗೆ ಕೀಬೋರ್ಡ್ ನುಡಿಸಿಸಿದೆ. ಒಂದು ಮಳೆಗಾಲ ಪೂರ್ತಿ ಹೀಗೇ ಹೋಯಿತು. ಆಮೇಲೆ ಕ್ರಮವನ್ನೇ ತಿರುಗಿಸಿದೆ. ಕಥೆ ಮುಗಿದ ಕೂಡಲೇ ಕಾಗದ ಕೈಗೆ. ಬಿಡಿಸಿ ಆದ ಮೇಲೆ ಚಿತ್ರ ಮುಂದಿಟ್ಟುಕೊಂಡು ಮೌನ. ಕಣ್ಣು ತೆರೆದೇ ಇರಲಿ. ತಾನೇ ಬಿಡಿಸಿದ್ದನ್ನು ನೋಡೋಕೆ ಯಾವ ಮಗುವಿಗೂ ಬೇಜಾರಿಲ್ಲ. "ಇದರಲ್ಲಿ ನೀನು ಎಲ್ಲಿದ್ದೀಯ?" ಅಂತ ಒಂದೇ ಪ್ರಶ್ನೆ ಕೇಳುತ್ತೇನೆ. ಉತ್ತರ ಹೇಳಲೇಬೇಕು ಅಂತಿಲ್ಲ.

ಮನೆ ಬಿಟ್ಟು ಹೋದ ಮಗ ವಾಪಸ್ ಬಂದಾಗ ಅಪ್ಪ ಓಡಿಬಂದು ಅಪ್ಪಿಕೊಳ್ಳುವ, ಬೈಬಲ್ಲಿನ ಲೂಕ 15ರ ತಪ್ಪಿಹೋದ ಮಗನ ಕಥೆ ಹೇಳಿದ ದಿನ ಒಬ್ಬಳು ಓಡಿಬರುವ ಅಪ್ಪನನ್ನು ಮೂಲೆಗೆ ತಳ್ಳಿ ಕಾಗದದ ತುಂಬಾ ಅಡುಗೆಮನೆ ಬಿಡಿಸಿದಳು. ಒಲೆ, ಹೊಗೆ, ಬೆನ್ನು ತಿರುಗಿಸಿ ನಿಂತ ಹೆಂಗಸು. "ಅಮ್ಮನಿಗೆ ಇನ್ನೂ ಗೊತ್ತಿಲ್ಲ ಟೀಚರ್, ಅವನು ಬಂದಿದ್ದು" ಅಂದಳು. ಆ ಕಥೆಯಲ್ಲಿ ತಾಯಿಯ ಸುದ್ದಿಯೇ ಇಲ್ಲ, ಅಲ್ವಾ? ಆ ಭಾನುವಾರ ನಾನು ಬೇರೆ ಪಾಠ ಮಾಡಲಿಲ್ಲ.

ಹಿರಿಯರಿಗೆ ಇದು ಹಿಡಿಸಲಿಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಾಗಿನಿಂದ ನಮ್ಮದು ಓದುವ, ಹಾಡುವ ಸಂಪ್ರದಾಯ. ಗೋಡೆ ಖಾಲಿ. "ಎರಡನೇ ಆಜ್ಞೆ ಏನಾಯಿತು?" ಅಂತ ಒಬ್ಬರು ಕೇಳಿದರು. ವಿಗ್ರಹ ಮಾಡಿ ಅಡ್ಡಬೀಳಬೇಡ ಅನ್ನೋ ಬೈಬಲ್ಲಿನ ಆಜ್ಞೆ ಅದು. ಅಡ್ಡಬೀಳೋಕೆ ಬಿಡಿಸುತ್ತಿಲ್ಲ, ಯೋಚಿಸೋಕೆ ಬಿಡಿಸುತ್ತಿದ್ದಾರೆ ಅಂದೆ. ಬಾಯಿಪಾಠ ಹಾಳಾಗುತ್ತೆ ಅನ್ನೋದು ಇನ್ನೊಂದು ಆಕ್ಷೇಪ. ಆ ವರ್ಷದ ಪರೀಕ್ಷೆಯಲ್ಲಿ ಮುಕ್ಕಾಲು ಪಾಲು ಮಕ್ಕಳು ಬೈಬಲ್ ವಾಕ್ಯಗಳನ್ನು ತಡವರಿಸದೆ ಹೇಳಿದರು. ಹಿಂದೆ ಅರ್ಧದಷ್ಟೂ ಇರಲಿಲ್ಲ.

ದುಡ್ಡಿನ ವಿಷಯ. ಮೊದಲ ವರ್ಷ ಪೋಸ್ಟರ್ ಕಲರ್, ಬ್ರಷ್, ಡ್ರಾಯಿಂಗ್ ಹಾಳೆ ಅಂತ ಎರಡು ಸಾವಿರದ ಹತ್ತಿರ ಹೋಯಿತು. ಮಕ್ಕಳ ಕಾಣಿಕೆಯಿಂದ ಅರ್ಧ, ಉಳಿದಿದ್ದು ನನ್ನ ಕೈಯಿಂದ. ಮಳೆಗಾಲದ ತೇವಕ್ಕೆ ಹಾಳೆಗೆಲ್ಲ ಬೂಷ್ಟು. ಈಗ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಕಾಗದ ತರುತ್ತೇನೆ. ವರ್ಷಕ್ಕೆ ನಾಲ್ಕೈನೂರರಲ್ಲಿ ಮುಗಿಯುತ್ತೆ.

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲದಲ್ಲಿ ಬಣ್ಣವೇ ಇಲ್ಲ, ಬರೀ ಇದ್ದಿಲು. ಈಸ್ಟರ್ ದಿನ ಬಣ್ಣದ ಡಬ್ಬಿ ತೆಗೆದಾಗ ಮಕ್ಕಳ ಗಲಾಟೆ ನೋಡಬೇಕು! ಇದ್ದಿಲು ಮನೆಯಲ್ಲೇ ಮಾಡುತ್ತೇನೆ. ಬಿಸ್ಕತ್ ಡಬ್ಬದಲ್ಲಿ ಒಣಗಿದ ಕಡ್ಡಿ ತುಂಬಿ, ಮುಚ್ಚಳಕ್ಕೆ ಸಣ್ಣ ತೂತು ಮಾಡಿ ಒಲೆಗೆ ಇಡೋದು. ಹೊಗೆ ನಿಂತರೆ ಆಯಿತು, ಆದರೆ ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ತೆಗೆಯಬಾರದು, ಬೂದಿಯಾಗುತ್ತೆ. ಭಾನುವಾರದ ಬಿಳಿ ಫ್ರಾಕ್‌ಗಳಿಗೆ ಮಸಿ ಬಡಿದು ತಾಯಂದಿರು ರೇಗಿದರು. ಅಪ್ಪಂದಿರ ಹಳೇ ಶರ್ಟನ್ನು ಹಿಂದುಮುಂದಾಗಿ ಹಾಕಿಸಿದ ಮೇಲೆ ಆ ತಕರಾರು ನಿಂತಿತು.

ಒಂದು ಸಲ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಕರೆದುಕೊಂಡು ಹೋದೆ. ಇಟಲಿಯ ಆಂಟೋನಿಯೊ ಮೊಸ್ಕೆನಿ 1899ರಿಂದ ಅಲ್ಲಿ ಬಿಡಿಸಿದ ಚಿತ್ರಗಳು ಗೋಡೆ, ಚಾವಣಿ ತುಂಬಾ ಇವೆ. ಎಲ್ಲ ನೋಡಬೇಡಿ, ಒಂದನ್ನೇ ಆರಿಸಿ ಅದರ ಕೆಳಗೆ ಕೂತುಬಿಡಿ ಅಂದೆ. ಒಬ್ಬ ಹುಡುಗ ಕತ್ತು ನೋಯುವ ತನಕ ಮೇಲೆಯೇ ನೋಡಿದ. "ಇಷ್ಟು ಮೇಲೆ ಕೈ ಎತ್ತಿ ಬಿಡಿಸುವಾಗ ಅವರು ಪ್ರಾರ್ಥನೆ ಮಾಡ್ತಿದ್ರಾ?" ಅಂತ ಕೇಳಿದ. ನೀನೇ ಕೈ ಎತ್ತಿ ನೋಡು ಅಂದೆ. ಮನೆಗೆ ಹೋಗಿ ಮೇಜಿನ ಅಡಿಗೆ ಕಾಗದ ಅಂಟಿಸಿ, ಮಲಗಿಕೊಂಡು ಬಿಡಿಸಿದನಂತೆ.

ಈಗ ಅರಿಶಿನದ ಪ್ರಯೋಗ ನಡೆದಿದೆ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪು, ನಮ್ಮ ಕೆಮ್ಮಣ್ಣಿಗೆ ಅಂಟು ಕಲಸಿದರೆ ಒಳ್ಳೆ ಇಟ್ಟಿಗೆ ಬಣ್ಣ. ಮಣ್ಣಿನದು ಗಟ್ಟಿ. ಅರಿಶಿನ ಮಾತ್ರ ಬಿಸಿಲಿಗೆ ಬೇಗ ಮಾಸುತ್ತೆ, ಆ ಚಿತ್ರಗಳನ್ನು ಕಿಟಕಿಯ ಹತ್ತಿರ ಅಂಟಿಸಬೇಡಿ.