ಸಾಕಿದ ನಾಯಿಗೆ ಕೊನೆಯ ಇಂಜೆಕ್ಷನ್ ಕೊಡಿಸಬೇಕಾದಾಗ

ಮೊದಲು ಡಾಕ್ಟರನ್ನು ನೇರವಾಗಿ ಕೇಳಿ: ಇದು ಹುಷಾರಾಗುತ್ತಾ, ಇಲ್ಲ ನರಳೋದೇನಾ? ಅನುಮಾನ ಇದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಇನ್ನೊಮ್ಮೆ ತೋರಿಸಿ. ಊಟ ಮಾಡಿತಾ, ಎದ್ದು ನಿಂತಿತಾ, ನಿಮ್ಮನ್ನು ಕಂಡು ಬಾಲ ಆಡಿಸಿತಾ ಅಂತ ದಿನಾ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೆಟ್ಟ ದಿನಗಳೇ ಜಾಸ್ತಿಯಾದರೆ ತೀರ್ಮಾನ ಸ್ವಲ್ಪ ಸುಲಭವಾಗುತ್ತದೆ.

ಆ ಹೊತ್ತಿಗೆ ಆದಷ್ಟೂ ಜೊತೆಗಿರಿ. ಸಾಮಾನ್ಯವಾಗಿ ಮೊದಲು ಮಂಪರು ಬರಿಸುತ್ತಾರೆ, ಆಮೇಲೆ ಅರಿವಳಿಕೆ ಔಷಧಿಯನ್ನು ಜಾಸ್ತಿ ಪ್ರಮಾಣದಲ್ಲಿ ಕೊಡುತ್ತಾರೆ, ಕೆಲವೇ ನಿಮಿಷಗಳಲ್ಲಿ ಎದೆಬಡಿತ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ, ಮೈ ಅದುರಬಹುದು, ಉಚ್ಚೆ ಹೋಗಬಹುದು. ಅದು ನೋವಲ್ಲ, ಗಾಬರಿಯಾಗಬೇಡಿ. ಕಿವಿ ಹಿಂದೆ ಸವರುತ್ತಾ ಹೆಸರು ಹಿಡಿದು ಮಾತಾಡಿಸಿ.

ತೋಟದಲ್ಲಿ ಹೂಳುವುದಾದರೆ ಬಾವಿ, ಹಳ್ಳದಿಂದ ದೂರ. ಮಲೆನಾಡಿನ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ, ಔಷಧಿ ಮೈಯಲ್ಲೇ ಉಳಿದಿರುತ್ತದೆ, ಕಾಡುಪ್ರಾಣಿ ಕೆದಕಿ ತಿಂದರೆ ಅದಕ್ಕೂ ವಿಷ ಅಲ್ವಾ? ಗುಂಡಿ ಆಳವಾಗಿರಲಿ, ಮೇಲೆ ಕಲ್ಲು ಹೇರಿ.

ಆಮೇಲಿನ ದಿನಗಳೇ ಕಷ್ಟ. ಜಗಲಿಯಲ್ಲಿ ಅದು ಮಲಗುತ್ತಿದ್ದ ಗೋಣಿಚೀಲ ಕಂಡರೂ ಅಳು ಬರುತ್ತದೆ, ‘ನಾನೇ ಕೊಂದೆನಾ’ ಅನ್ನಿಸುತ್ತದೆ. ಇಲ್ಲ, ನೀವು ನೋವು ನಿಲ್ಲಿಸಿದಿರಿ. ‘ನಾಯಿ ತಾನೇ’ ಅನ್ನುವವರನ್ನು ಬಿಡಿ, ಸಾಕಿದವರ ಹತ್ತಿರ ಹೇಳಿಕೊಳ್ಳಿ. ಮಕ್ಕಳಿಗೆ ಸುಮ್ನೆ ‘ಎಲ್ಲೋ ಓಡಿಹೋಯ್ತು’ ಅನ್ನಬೇಡಿ. ವಾರಗಟ್ಟಲೆ ಊಟ, ನಿದ್ದೆ ಸೇರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.